ಫಲ್ಗುಣಿಯಲ್ಲಿ ಕಯಾಕ್: ಮಂಜಿಗೆ ಟಾಟಾ ಮಾಡಬೇಡಿ

ಮಂಗಳೂರಿನ ಫಲ್ಗುಣಿ ಹೊಳೆಯಲ್ಲಿ ಸುಲ್ತಾನ್ ಬತ್ತೇರಿಯಿಂದ ಹಳೆ ಬಂದರಿನ ಕಡೆ ಕಯಾಕ್‌ನಲ್ಲಿ ಹೋಗಿ ಬರೋಣ ಅಂತಿದ್ದೀರಾ? ಹೋಗಿ, ಚೆಂದ ಉಂಟು. ಆದರೆ ಅಲ್ಲಿ ಹೊಳೆ ಅಂದರೆ ಪೇಟೆಯ ರಸ್ತೆ ಇದ್ದ ಹಾಗೆ. ತಣ್ಣೀರುಬಾವಿಗೆ ದಾಟುವ ಫೆರಿ, ದಕ್ಕೆಯ (ಮೀನುಬೋಟು ಕಟ್ಟುವ ಕಟ್ಟೆ) ಟ್ರಾಲ್‌ಬೋಟ್, ಲಕ್ಷದ್ವೀಪಕ್ಕೆ ಸಿಮೆಂಟ್, ಜಲ್ಲಿ, ತರಕಾರಿ ಹೊತ್ತ ಮಂಜಿ ಅನ್ನುವ ಸರಕು ಹಡಗು, ಒಮ್ಮೊಮ್ಮೆ ಬಾರ್ಜ್ ಅನ್ನುವ ಚಪ್ಪಟೆ ಸರಕು ದೋಣಿ, ಎಲ್ಲ ಅದೇ ನೀರಲ್ಲಿ.

ನಾವು ಮೂವರು ಫೆಬ್ರವರಿಯಲ್ಲಿ ಹೋದೆವು. ಎದುರಿನ ಬೆಂಗ್ರೆ ದಡಕ್ಕೆ ದಾಟೋಣ ಅಂತ ಹೊಳೆ ಮಧ್ಯಕ್ಕೆ ಬಂದಾಗ ದೂರದಲ್ಲಿ ಒಂದು ಮಂಜಿ ಕಾಣಿಸಿತು, ಅದು ಬರುವಷ್ಟರಲ್ಲಿ ಆರಾಮಾಗಿ ದಾಟಬಹುದು ಅನಿಸಿತು. ಅದು ಚಿಕ್ಕ ಚಿಕ್ಕದಾಗಿ ಐದು ಸಲ ಹಾರ್ನ್ ಹೊಡೆಯಿತು. ನಾನು ಖುಷಿಯಲ್ಲಿ ಕೈ ಬೀಸಿದೆ! ಪಕ್ಕದ ನಾಡದೋಣಿಯವರು ಕೂಗಿದರು, "ಎಂತ ಮಾರಾಯ್ರೆ, ಅವ ನಮಸ್ಕಾರ ಹೇಳಿದ್ದಲ್ಲ, ಸಾಯ್ತೀರಿ ಅಂತ ಹೇಳಿದ್ದು!" ಹುಟ್ಟು ಹಾಕಿ ಹಾಕಿ ಹಿಂದೆ ಬಂದೆವು. ಮಂಜಿ ಹೋದ ಮೇಲೆ ಬಂದ ಅಲೆಗೆ ಗೆಳೆಯನ ಕಯಾಕ್ ಮಗುಚಿತು. ಲೈಫ್ ಜಾಕೆಟ್ ಇತ್ತು, ಮೊಬೈಲ್ ಹೋಯಿತು.

ಐದು ಚಿಕ್ಕ ಹಾರ್ನ್ ಅಂದರೆ 'ನೀನು ಎತ್ತ ಹೋಗ್ತಿದ್ದೀಯ ಗೊತ್ತಾಗ್ತಿಲ್ಲ' ಅಂತ. ಒಂದಾದರೆ ಬಲಕ್ಕೆ ತಿರುಗ್ತಿದ್ದೇನೆ, ಎರಡಾದರೆ ಎಡಕ್ಕೆ, ಮೂರಾದರೆ ಇಂಜಿನ್ ರಿವರ್ಸ್. ಇದೆಲ್ಲ 1972ರ ಅಂತರರಾಷ್ಟ್ರೀಯ ನಿಯಮ. ಇಲ್ಲಿ ಎಲ್ಲರೂ ಲೆಕ್ಕ ಹಾಕಿ ಹೊಡೆಯುತ್ತಾರೆ ಅಂತಲ್ಲ, ಹಾರ್ನ್ ಕೇಳಿದರೆ ಸುಮ್ನೆ ಬದಿಗೆ ಸರಿಯಿರಿ. ತುಂಬಿದ ಮಂಜಿಗೆ ಆಳದ ಚಾನೆಲ್ ಬಿಟ್ಟು ಬೇರೆ ದಾರಿ ಇಲ್ಲ, ಬ್ರೇಕ್ ಅಂತೂ ಇಲ್ಲವೇ ಇಲ್ಲ. ಮೂತಿಯ ಕೆಳಗೆ ನಾವಿದ್ದರೆ ಹಿಂದೆ ನಿಂತು ನಡೆಸುವ ತಂಡೇಲನಿಗೆ ಕಾಣುವುದೂ ಇಲ್ಲ. 20 ಮೀಟರ್‌ಗಿಂತ ಚಿಕ್ಕ ದೋಣಿ ಹೀಗೆ ಚಾನೆಲ್ ಬಿಡಲಾಗದ ಹಡಗಿಗೆ ಅಡ್ಡ ಬರಬಾರದು ಅಂತ ಅದೇ ನಿಯಮದಲ್ಲಿದೆ.

ಹಾಗಾಗಿ ಆಳ ಕಡಿಮೆ ಇರುವ ಬೆಂಗ್ರೆ ದಡ ಹಿಡಿದೇ ಹೋಗಿ, ವಾಪಸ್ ಬರುವಾಗಲೂ ಅದೇ ದಡ. ದಕ್ಕೆ ಬದಿ ಬೇಡ, ಸಾಲಾಗಿ ಕಟ್ಟಿದ ಬೋಟು ಯಾವಾಗ ಹೊರಗೆ ಬರುತ್ತದೋ ಗೊತ್ತಾಗುವುದಿಲ್ಲ. ಹೊಳೆ ದಾಟುವಾಗ ಎರಡೂ ಕಡೆ ನೋಡಿ, ಓರೆಯಾಗಿ ಅಲ್ಲ, ನೇರ ಅಡ್ಡಕ್ಕೆ ಬೇಗ ದಾಟಿ. ಫೆರಿ ಬಂದರೆ ನಿಂತು, ಅದರ ಹಿಂದಿನಿಂದ ಹೋಗಿ. ಟಗ್ (ಎಳೆಯುವ ಬೋಟ್) ಬಾರ್ಜನ್ನು ಎಳೆಯುತ್ತಿದ್ದರೆ ಅವೆರಡರ ನಡುವೆ ಯಾವತ್ತೂ ನುಗ್ಗಬೇಡಿ, ಹಗ್ಗ ನೀರೊಳಗೆ ಇರುತ್ತದೆ. ಅಲೆ ಬಂದರೆ ಮೂತಿ ಅದರ ಕಡೆ ತಿರುಗಿಸಿ. ಇಳಿತದಲ್ಲಿ ಹೋಗಿ ಭರತದಲ್ಲಿ ಬಂದರೆ ತೋಳಿಗೆ ಸುಖ, ಆದರೆ ಹೊಳೆ ಸಮುದ್ರ ಸೇರುವ ಅಳಿವೆಗಿಂತ ತುಂಬಾ ಮೊದಲೇ ಹಿಂದೆ ತಿರುಗಿ, ಇಳಿತದ ನೀರು ಸಮುದ್ರಕ್ಕೆ ಎಳೆಯುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಮೀನುಗಾರಿಕೆ ನಿಷೇಧ, ಬೋಟ್ ಕಡಿಮೆ ಅಂತ ಆಗ ಇಳಿಯಬೇಡಿ, ಮಳೆಗಾಲದ ಹೊಳೆ ಅದು.

ಇನ್ನೊಂದು, ನನ್ನ ಕಯಾಕ್ ನೀಲಿ, ಅಂಗಿ ನೀಲಿ, ಟೋಪಿಯೂ ನೀಲಿ. ತಂಡೇಲನಿಗೆ ಅಷ್ಟು ದೂರದಿಂದ ಕಂಡದ್ದೇ ದೊಡ್ಡದು. ನೀವು ಕಿತ್ತಳೆ ಬಣ್ಣದ್ದು ಹಾಕಿ.