ಕೈ ಹಿಡಿದು ಕುಣಿದ ಒಂದು ಶುಕ್ರವಾರ

ಮೇರಿಲ್ಯಾಂಡಿಗೆ ಬಂದು 11 ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ಅಮೆರಿಕದವರು ಕುಣಿಯುವುದನ್ನು ನಾನು ನೋಡಿದ್ದು ಮದುವೆಗಳಲ್ಲಿ ಮಾತ್ರ. ಅಲ್ಲೂ ಅರ್ಧ ಜನ ಫೋನ್ ಹಿಡಿದು ಸುತ್ತ ನಿಂತಿರುತ್ತಾರೆ. ಹಾಗಾಗಿ ಪಕ್ಕದ ಮನೆಯ ಅಜ್ಜಿ ಒಂದು ಶುಕ್ರವಾರ "ಡ್ಯಾನ್ಸಿಗೆ ಹೋಗ್ತಿದ್ದೀನಿ, ನೀನೂ ಬಾ" ಅಂದಾಗ ಯಾವುದೋ ಕಾರ್ಯಕ್ರಮ ನೋಡಲು ಕರೆಯುತ್ತಿದ್ದಾರೆ ಅಂದುಕೊಂಡೆ.

"ನೋಡೋಕಲ್ಲ, ಕುಣಿಯೋಕೆ. ಬೇರೆ ಶೂ ತಗೋ. ಬೀದಿಯಲ್ಲಿ ಹಾಕಿದ್ದು ಆ ನೆಲಕ್ಕೆ ಆಗಲ್ಲ" ಅಂದರು. ಅವರಿಗೆ 80 ದಾಟಿದೆ.

ನಾವು ಹೋಗಿದ್ದು ಗ್ಲೆನ್ ಎಕೋ ಪಾರ್ಕಿಗೆ. ವಾಷಿಂಗ್ಟನ್ ನಗರದ ಅಂಚಿನಲ್ಲೇ ಇದೆ. ಹಿಂದೆ ಜನ ಟ್ರಾಮ್ ಹತ್ತಿ ಬರುತ್ತಿದ್ದ ಮೋಜಿನ ಪಾರ್ಕ್. ಅಲ್ಲಿನ ಸ್ಪ್ಯಾನಿಷ್ ಬಾಲ್‌ರೂಮ್ 1933ರದ್ದು. ಮೇಪಲ್ ಮರದ ಹಲಗೆಯ ನೆಲ, ಕಾಲಿಟ್ಟರೆ ನಮ್ಮ ಹಳೇ ಮನೆಯ ಅಟ್ಟದ ಹಾಗೆ ಹಗುರ. ವೇದಿಕೆಯ ಮೇಲೆ ಒಂದು ಪಿಟೀಲು, ಒಂದು ಪಿಯಾನೋ, ಬ್ಯಾಂಜೋ ಅನ್ನುವ ಒಂದು ತಂತಿವಾದ್ಯ. ಕುಣಿತದ ಹೆಸರು ಕಾಂಟ್ರಾ. ಗಂಡು ಹೆಣ್ಣು ಅಂತಿಲ್ಲ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಜೋಡಿ. ಎರಡು ಉದ್ದ ಸಾಲು, ಎದುರುಬದುರು. ಯಾವ ಹೆಜ್ಜೆ ಅಂತ ಮೈಕಿನಲ್ಲಿ ಹೇಳುತ್ತಾ ಹೋಗುವವರನ್ನು ಕಾಲರ್ ಅನ್ನುತ್ತಾರೆ. ಮೊದಲು ಸಂಗೀತ ಇಲ್ಲದೆ ಒಂದು ಸಲ ನಡೆಸಿ ತೋರಿಸುತ್ತಾರೆ. ಆಮೇಲೆ ಪಿಟೀಲು ಶುರು.

ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿ ಸಾಲಿನಲ್ಲಿ ನಿಂತೆ. ಗುರುತು ಪರಿಚಯ ಇಲ್ಲದ ಗಂಡಸರ ಕೈ ಹಿಡಿಯಬೇಕಲ್ಲ ಅಂತ ಎದೆ ಡವಡವ. ಆದರೆ ಯೋಚನೆ ಮಾಡಲು ಪುರುಸೊತ್ತೇ ಸಿಗಲಿಲ್ಲ. ಒಂದು ಸುತ್ತು ಮುಗಿದರೆ ನಾನು, ನನ್ನ ಜೊತೆಗಾರರು ಇಬ್ಬರೂ ಒಂದು ಜಾಗ ಸರಿದು ಮುಂದಿನ ಜೋಡಿಯ ಎದುರು ನಿಲ್ಲಬೇಕು. ಪ್ರೈಮರಿ ಶಾಲೆಯಲ್ಲಿ ಕೋಲಾಟ ಆಡುವಾಗ ಒಬ್ಬರ ಕೋಲಿಗೆ ಬಡಿದು ಮುಂದಿನವರ ಹತ್ತಿರ ಸರಿಯುತ್ತಿದ್ದೆವಲ್ಲ, ಅದೇ ಲೆಕ್ಕ. ಕೋಲಿನ ಜಾಗದಲ್ಲಿ ಕೈ, ಅಷ್ಟೇ.

ಸ್ವಿಂಗ್ ಅನ್ನುವ ಹೆಜ್ಜೆ ಮಾತ್ರ ನನಗೆ ಕಷ್ಟವಾಯಿತು. ಇಬ್ಬರೂ ಬಲಗಾಲು ನಡುವೆ ಊರಿ, ಎಡಗಾಲಿನಿಂದ ನೆಲವನ್ನು ನೂಕುತ್ತಾ ಗಿರಗಿರ ತಿರುಗಬೇಕು. ಮೈ ಸ್ವಲ್ಪ ಹಿಂದಕ್ಕೆ ವಾಲಿಸಿ ಭಾರವನ್ನು ಎದುರಿನವರಿಗೆ ಬಿಡಬೇಕು. ಅವರೂ ತಮ್ಮ ಭಾರ ನಮಗೆ ಬಿಡುತ್ತಾರೆ. ಒಬ್ಬರು ಸಡಿಲ ಮಾಡಿದರೂ ಇಬ್ಬರೂ ಮುಗ್ಗರಿಸುತ್ತಾರೆ. ನನಗೆ ತಲೆ ಸುತ್ತು ಬಂತು. "ನೆಲ ನೋಡಬೇಡ, ನನ್ನ ಕಣ್ಣು ನೋಡು" ಅಂದರು ಎದುರಿಗಿದ್ದ ಮಧ್ಯವಯಸ್ಕರು. ನೋಡಿದೆ. ಹಿಂದಿನ ಗೋಡೆ, ದೀಪ, ಜನ ಎಲ್ಲ ತಿರುಗುತ್ತಿತ್ತು, ಆ ಮುಖ ಒಂದು ನಿಂತಿತ್ತು. ಆ ರಾತ್ರಿ, ಮರದ ಕೆಲಸ ಮಾಡಿ ದಡ್ಡುಗಟ್ಟಿದ ಒಬ್ಬರ ಕೈ ಹಿಡಿದೆ. ಬೆವರಿದ ಹುಡುಗನ ಕೈ, ಮಂಜಿನಷ್ಟು ತಣ್ಣಗಿನ ಒಬ್ಬ ಹೆಂಗಸಿನ ಕೈ ಹಿಡಿದೆ. ಇಲ್ಲಿಗೆ ಬಂದ ಮೇಲೆ ಆಫೀಸಿನ ಶೇಕ್‌ಹ್ಯಾಂಡ್ ಬಿಟ್ಟರೆ ಹೊರಗಿನವರ ಕೈ ಮುಟ್ಟಿದ್ದೇ ಇಲ್ಲ ಅಂತ ಆಗ ಹೊಳೆಯಿತು.

ಬಿಡುವಿನಲ್ಲಿ ಅಜ್ಜಿ ನೀರು ಕುಡಿಯುತ್ತಾ ತಮ್ಮ ಊರಿನ ಕಥೆ ಹೇಳಿದರು. ಪೆನ್ಸಿಲ್ವೇನಿಯಾದ ಒಂದು ಕಲ್ಲಿದ್ದಲ ಊರು. ಶನಿವಾರ ಸಂಜೆ ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಪೋಲ್ಕಾ ಅನ್ನುವ ಜೋಡಿ ಕುಣಿತ. ಗಣಿಗೆ ಹೋಗುವವರು, ಟೀಚರು, ಅಂಗಡಿಯವರು ಎಲ್ಲರೂ ಬರುತ್ತಿದ್ದರಂತೆ. "ಕುಣಿಯೋಕೆ ಬರುತ್ತಾ ಅಂತ ಯಾರೂ ಯಾರನ್ನೂ ಕೇಳ್ತಿರಲಿಲ್ಲ. ನಡೆಯೋಕೆ ಬರುತ್ತಾ ಅಂತ ಕೇಳ್ತಾರಾ? ನಾವು ಮಕ್ಕಳು ಬೆಂಚಿನ ಮೇಲಿನ ಕೋಟುಗಳ ರಾಶಿಯ ಮೇಲೆ ನಿದ್ದೆ ಹೋಗ್ತಿದ್ವಿ." ಆಮೇಲೆ ಟಿವಿ ಬಂತು. ಜನ ದೂರದೂರ ಮನೆ ಕಟ್ಟಿಕೊಂಡು ಹೋದರು. 1960ರಲ್ಲಿ ಟ್ವಿಸ್ಟ್ ಬಂತು, ಒಬ್ಬೊಬ್ಬರೇ ನಿಂತು ಕುಣಿಯುವುದು. "ಅಲ್ಲಿಂದ ಕೈ ಬಿಟ್ವಿ" ಅಂದರು.

ಕುಣಿತ ಕಡಿಮೆಯಾಗಲು ಇನ್ನೊಂದು ಕಾರಣ ನನಗೆ ಆಮೇಲೆ ಓದಿದಾಗ ತಿಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಹಾಡು ಕುಣಿತ ಇರುವ ಹೋಟೆಲು, ಕ್ಲಬ್ಬುಗಳ ಮೇಲೆ ಅಮೆರಿಕ ಸರ್ಕಾರ ಶೇಕಡಾ 30 ತೆರಿಗೆ ಹಾಕಿತು. ಬರೀ ವಾದ್ಯ ನುಡಿಸಿದರೆ ತೆರಿಗೆ ಇಲ್ಲ, ಜನ ಎದ್ದು ಕುಣಿದರೆ ಇದೆ! ಮಾಲೀಕರು ಏನು ಮಾಡುತ್ತಾರೆ ಹೇಳಿ? ಕುಣಿಯುವ ಜಾಗಕ್ಕೂ ಮೇಜು ಕುರ್ಚಿ ಹಾಕಿದರು. ದರ ಬೇಗನೇ ಇಳಿಯಿತು, ಆದರೆ ತೆರಿಗೆ ಪೂರ್ತಿ ಹೋಗಿದ್ದು 1965ರಲ್ಲಿ. ಎದ್ದು ಕುಣಿಯುವವರನ್ನು ಕೂತು ಕೇಳುವವರನ್ನಾಗಿ ಮಾಡಲು ಅಷ್ಟು ವರ್ಷ ಸಾಕಲ್ವಾ?

ಆ ಕಾಲದ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಇದೇ ಗ್ಲೆನ್ ಎಕೋಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. 1960ರಲ್ಲಿ ಕಪ್ಪು ಜನರೇ ಹೆಚ್ಚಾಗಿ ಓದುವ ಹೊವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿನ ಮೆರ‍್ರಿ-ಗೋ-ರೌಂಡ್ ಹತ್ತಿ ಕೂತು ಬಂಧನಕ್ಕೊಳಗಾದರು. ಮರುವರ್ಷ ಬಾಗಿಲು ಎಲ್ಲರಿಗೂ ತೆರೆಯಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಸವಾಯ್ ಬಾಲ್‌ರೂಮಿನಲ್ಲಿ 1926ರಿಂದಲೇ ಕಪ್ಪು ಬಿಳಿ ಜನ ಒಟ್ಟಿಗೆ ಕುಣಿಯುತ್ತಿದ್ದರು. ಅದು 1958ರಲ್ಲಿ ಮುಚ್ಚಿತು, ಕಟ್ಟಡವನ್ನೇ ಕೆಡವಿದರು. ಬಾಗಿಲು ಎಲ್ಲರಿಗೂ ತೆರೆಯುವ ಹೊತ್ತಿಗೆ ಒಳಗಿನ ಕುಣಿತ ಕರಗುತ್ತಿತ್ತು. ನನಗೆ ತುಂಬಾ ಸಂಕಟವಾಗುವುದು ಇದಕ್ಕೇ.

ಆ ರಾತ್ರಿಯ ಕೊನೆಯ ಕುಣಿತ ವಾಲ್ಟ್ಸ್, ಜೋಡಿಯಾಗಿ ನಿಧಾನಕ್ಕೆ ತಿರುಗುವುದು. ಅಜ್ಜಿಯೇ ಬಂದು ಕೈ ಚಾಚಿದರು. ಎಲುಬು ಸಿಗುವಷ್ಟು ಸಣ್ಣ ಕೈ, ಆದರೆ ಹಿಡಿತ ಗಟ್ಟಿ. ಎಲ್ಲಿ ತಿರುಗಬೇಕು ಅಂತ ಬಾಯಲ್ಲಿ ಹೇಳಲಿಲ್ಲ, ಅಂಗೈಯಲ್ಲಿ ಹೇಳಿದರು.

ಹೊರಡುವಾಗ ಶೂ ಬದಲಿಸಲು ಕೂತೆವು. ಬೆಂಚಿನ ಮೇಲೆ ಕೋಟುಗಳ ರಾಶಿ ಇತ್ತು. ಮಲಗಿದ್ದ ಮಗು ಒಂದೂ ಇರಲಿಲ್ಲ. ಅಜ್ಜಿಯೂ ಅದನ್ನೇ ನೋಡುತ್ತಿದ್ದರು.

ಮುಂದಿನ ಶುಕ್ರವಾರ ಮಗಳನ್ನೂ ಕರೆದುಕೊಂಡು ಹೋದೆ. ಅವಳಿಗೆ 7 ವರ್ಷ. ನಾಲ್ಕು ಸುತ್ತು ಕುಣಿದಳು. ಒಂಬತ್ತೂವರೆಗೆ ಅಜ್ಜಿಯ ಕೋಟಿನ ಮೇಲೆ ನಿದ್ದೆ ಹೋಗಿದ್ದಳು.