ಅಂಟಾರ್ಕ್ಟಿಕಾ ಮೊದಲೋ, ಸ್ವಾಲ್ಬಾರ್ಡ್ ಮೊದಲೋ? ಗೋವಾದಿಂದ ಹೊರಡುವವರಿಗೆ

ಧ್ರುವ ಪ್ರದೇಶಕ್ಕೆ ಹೋಗಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು ಖರ್ಚೆಷ್ಟು ಅಂತ. ಅದಕ್ಕಿಂತ ಮೊದಲು ರಜೆ ಎಷ್ಟು ಸಿಗುತ್ತದೆ ಅಂತ ನೋಡಿಕೊಳ್ಳಿ. ಹತ್ತು ದಿನ ಸಿಗುವುದಾದರೆ ಉತ್ತರಕ್ಕೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗಿ. ಮೂರು ವಾರ ಸಿಕ್ಕರೆ ಮಾತ್ರ ಅಂಟಾರ್ಕ್ಟಿಕಾ. ಎರಡೂ ಕಡೆ ಹೋಗಿ ಬಂದ ಮೇಲೆ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ವಾಸ್ಕೋದಲ್ಲಿರುವ ನಮಗೆ ಈ ವಿಷಯ ತೀರಾ ದೂರದ್ದೇನಲ್ಲ. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್ 6ರಂದು ಹೊರಟದ್ದು ಗೋವಾದಿಂದಲೇ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದೂ ಇಲ್ಲೇ, ಹೆಡ್‌ಲ್ಯಾಂಡ್ ಸಡಾದಲ್ಲಿ. ಅದಕ್ಕೇ ಇರಬೇಕು, ಇಲ್ಲಿನ ಕನ್ನಡ ಗೆಳೆಯರೆಲ್ಲ 'ಮೈತ್ರಿ ನೋಡಿದ್ರಾ?' ಅಂತಲೇ ಕೇಳುತ್ತಾರೆ. ಇಲ್ಲ. ಅಂಟಾರ್ಕ್ಟಿಕಾದಲ್ಲಿ ಭಾರತದ ಸಂಶೋಧನಾ ಕೇಂದ್ರವಾದ ಮೈತ್ರಿ ಇರುವುದು ಆಫ್ರಿಕಾಕ್ಕೆ ಎದುರಾದ ಭಾಗದಲ್ಲಿ. ನಮ್ಮ ವಿಜ್ಞಾನಿಗಳು ಕೇಪ್‌ಟೌನ್ ಮೂಲಕ ಹೋಗುತ್ತಾರೆ. ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಅರ್ಜೆಂಟೀನಾದ ಉಶುವಾಯಾದಿಂದ ಹೊರಟು ದಕ್ಷಿಣ ಅಮೆರಿಕದ ಕೆಳಗಿರುವ ಅಂಟಾರ್ಕ್ಟಿಕಾದ ಪರ್ಯಾಯ ದ್ವೀಪಕ್ಕೆ ಹೋಗುತ್ತವೆ. ಭಾರತದ ಕೇಂದ್ರವನ್ನು ಕಣ್ಣಾರೆ ನೋಡುವ ಆಸೆ ಇದ್ದರೆ ಸ್ವಾಲ್ಬಾರ್ಡ್‌ನ ನ್ಯೂ-ಒಲೆಸುಂಡ್‌ನಲ್ಲಿ ನಿಲ್ಲುವ ಹಡಗನ್ನು ಹುಡುಕಿ. 2008ರಲ್ಲಿ ಶುರುವಾದ ಹಿಮಾದ್ರಿ ಅಲ್ಲಿದೆ, ಹೊರಗಿನಿಂದ ನೋಡಬಹುದು. ಸಂಶೋಧನಾ ಉಪಕರಣಗಳಿಗೆ ತೊಂದರೆ ಆಗಬಾರದು ಅಂತ ಆ ಊರಿನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ಬಂದ್ ಮಾಡಿಸುತ್ತಾರೆ.

ಈಗ ಅಂಟಾರ್ಕ್ಟಿಕಾ. ಮುಂಬೈಯಿಂದ ಬ್ಯೂನಸ್ ಐರಿಸ್, ಅಲ್ಲಿಂದ ಮತ್ತೊಂದು ವಿಮಾನದಲ್ಲಿ ಉಶುವಾಯಾ. ಆಮೇಲೆ ಡ್ರೇಕ್ ಜಲಸಂಧಿ ದಾಟಲು ಹೋಗುವಾಗ ಸುಮಾರು ಎರಡು ದಿನ, ಬರುವಾಗ ಎರಡು ದಿನ. ಹತ್ತು ದಿನದ ಹಡಗಿನ ಪ್ರವಾಸ ಅಂದರೂ ಹಿಮದ ನಡುವೆ ಇರುವುದು ಐದು ದಿನ ಅಷ್ಟೇ. ಡ್ರೇಕ್ ಸುಮ್ನೆ ಮಾತಿಗೆ ಒರಟು ಅನ್ನಿಸಿಕೊಂಡ ಸಮುದ್ರವಲ್ಲ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ, ಅಲೆ ಶುರುವಾಗುವ ಮೊದಲೇ ನುಂಗಿ. ಚಿಲಿಯ ಪುಂಟಾ ಅರೆನಾಸ್‌ನಿಂದ ಎರಡು ಗಂಟೆ ಹಾರಿ, ಕಿಂಗ್ ಜಾರ್ಜ್ ದ್ವೀಪದಲ್ಲಿ ಹಡಗು ಹತ್ತುವ ದಾರಿಯೂ ಇದೆ. ಅದಕ್ಕೆ ದುಡ್ಡು ಜಾಸ್ತಿ, ಹವಾಮಾನ ಕೆಟ್ಟರೆ ಕಾಯಬೇಕು.

ಹಡಗು ಆರಿಸುವಾಗ ಕ್ಯಾಬಿನ್ ಫೋಟೋ ನೋಡಿ ಮರುಳಾಗಬೇಡಿ. ಎಷ್ಟು ಜನರ ಹಡಗು ಅಂತ ಕೇಳಿ. 500ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಯಾರೂ ದಡಕ್ಕೆ ಇಳಿಯುವಂತಿಲ್ಲ. ಒಂದು ಜಾಗದಲ್ಲಿ ಒಮ್ಮೆಗೆ 100 ಜನರಿಗೆ ಮಾತ್ರ ಅವಕಾಶ. 200 ಜನರ ಹಡಗಾದರೆ ಅರ್ಧ ಜನ ಇಳಿದಾಗ ಉಳಿದ ಅರ್ಧ ಕಾಯಬೇಕು. ಅಷ್ಟು ದೂರ ಹೋಗಿ ಕಿಟಕಿಯಿಂದ ಪೆಂಗ್ವಿನ್ ನೋಡಿ ಬರುವುದು ಬೇಡ, ಅಲ್ವಾ? ದುಡ್ಡು ಉಳಿಸಬೇಕಿದ್ದರೆ ಕ್ಯಾಬಿನ್‌ನಲ್ಲಿ ಉಳಿಸಿ, ಹಡಗು ಚಿಕ್ಕದೇ ಇರಲಿ. ನವೆಂಬರ್‌ನಲ್ಲಿ ಹಿಮ ಇನ್ನೂ ತುಳಿಯದೆ ಬೆಳ್ಳಗಿರುತ್ತದೆ. ಪೆಂಗ್ವಿನ್ ಮರಿ ಬೇಕಿದ್ದರೆ ಜನವರಿ. ತಿಮಿಂಗಿಲಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು.

ದಡಕ್ಕೆ ಇಳಿಯುವ ಮೊದಲು ಬಟ್ಟೆ, ಬ್ಯಾಗು, ಕ್ಯಾಮೆರಾ ಚೀಲ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಕ್ಯಾಸಲ್‌ರಾಕ್ ಕಡೆ ಕಾಡು ಸುತ್ತಿದ ಪ್ಯಾಂಟನ್ನೇ ನಾನು ಒಯ್ದಿದ್ದೆ. ಜೇಬಿನ ವೆಲ್ಕ್ರೋದಲ್ಲಿ ಉತ್ತರಾಣಿ ಬೀಜ ಕೂತಿತ್ತು. ಹಡಗಿನ ಹುಡುಗಿಯೊಬ್ಬಳು ಚಿಮುಟ ಹಿಡಿದು ಒಂದೊಂದನ್ನೇ ಕಿತ್ತಳು, ಆಮೇಲೆ ಹೊಲಿಗೆಯ ಸಂದಿಗೆಲ್ಲ ವ್ಯಾಕ್ಯೂಮ್ ಹಿಡಿದಳು. ಒಂದು ಹುಲ್ಲಿನ ಬೀಜವೂ ಆ ನೆಲಕ್ಕೆ ಬೀಳಬಾರದು. ಅವಳ ಶ್ರದ್ಧೆ ನನಗೆ ತುಂಬಾ ಇಷ್ಟವಾಯಿತು. ನೀವು ಆ ಕೆಲಸವನ್ನು ಮನೆಯಲ್ಲೇ ಮುಗಿಸಿ ಹೋಗಿ. ಚಕ್ಕುಲಿ, ಚಟ್ನಿಪುಡಿ ಏನೇ ಒಯ್ದಿದ್ದರೂ ಅದು ಹಡಗಿನಲ್ಲೇ ಇರಬೇಕು, ದಡಕ್ಕೆ ತಿಂಡಿ ಒಯ್ಯುವಂತಿಲ್ಲ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಅದೇ ನಿಮ್ಮ ಕಡೆ ನಡೆದು ಬಂದರೆ ಅಲುಗಾಡದೆ ನಿಲ್ಲಿ. ಆ ಒಂದೆರಡು ನಿಮಿಷಕ್ಕಾಗಿ ಡ್ರೇಕನ್ನು ಮತ್ತೆ ದಾಟಲು ನಾನು ತಯಾರಿದ್ದೇನೆ.

ಸ್ವಾಲ್ಬಾರ್ಡ್ ಎಷ್ಟೋ ಸುಲಭ. ಓಸ್ಲೋದಿಂದ ಮೂರು ಗಂಟೆಯಲ್ಲಿ ಲಾಂಗ್‌ಇಯರ್‌ಬ್ಯೆನ್, ಅದೂ 78 ಡಿಗ್ರಿ ಉತ್ತರದಲ್ಲಿ. ಹಡಗಿನಲ್ಲೇ ವಾರಗಟ್ಟಲೆ ಇರಬೇಕೆಂದಿಲ್ಲ. ಊರಿನಲ್ಲಿ ಉಳಿದು, ದಿನದ ದೋಣಿಯಲ್ಲಿ ಹಿಮನದಿ ನೋಡಿ, ಸಂಜೆ ಬಿಸಿ ಊಟಕ್ಕೆ ವಾಪಸು ಬರಬಹುದು. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಒಂದು ಸಲ ಎಂಜಿನ್ ನಿಲ್ಲಿಸಿ ಸುಮ್ಮನೆ ಕೂತೆವು. ಸುತ್ತಲಿನ ಮಂಜುಗಡ್ಡೆ ಒಗ್ಗರಣೆಯ ಸಾಸಿವೆ ಹಾಗೆ ಚಟಪಟ ಅನ್ನುತ್ತಿತ್ತು. ಎಷ್ಟೋ ಕಾಲದಿಂದ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು ಅದು.

ಹಿಮಕರಡಿಯ ಒಳ್ಳೆಯ ಫೋಟೋ ಸಿಗುತ್ತದೆ ಅಂತ ಮಾತ್ರ ಹೋಗಬೇಡಿ. 2025ರಿಂದ ಅಲ್ಲಿ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ. ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಒಳ್ಳೆಯ ಬೈನಾಕ್ಯುಲರ್ ಒಯ್ಯಿರಿ. ಊರಿನ ಗಡಿ ದಾಟುವಾಗ ಬಂದೂಕು ಇರುವ ಗೈಡ್ ಜೊತೆಯಲ್ಲೇ ಹೋಗಿ.

ಖರ್ಚಿನ ಅಂದಾಜು ಹೀಗಿದೆ: ಅಂಟಾರ್ಕ್ಟಿಕಾಗೆ ವಿಮಾನ ಸೇರಿ ಒಬ್ಬರಿಗೆ ಏಳೆಂಟು ಲಕ್ಷದಿಂದ ಶುರು. ಊರಿನಲ್ಲೇ ಉಳಿದು ಸ್ವಾಲ್ಬಾರ್ಡ್ ನೋಡಿದರೆ ಅದರ ಅರ್ಧದಲ್ಲಿ ಆಗುತ್ತದೆ. ಹೆಲಿಕಾಪ್ಟರ್, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುವ ವಿಮೆ ಎರಡಕ್ಕೂ ಬೇಕು.

ಕಾಗದಪತ್ರದಲ್ಲಿ ಜನ ಎಡವುವುದು ಎರಡು ಕಡೆ. ಸ್ವಾಲ್ಬಾರ್ಡ್‌ಗೆ ವೀಸಾ ಬೇಡ ಅನ್ನುವುದು ನಿಜ. ಆದರೆ ದಾರಿ ಇರುವುದು ನಾರ್ವೆಯ ಮುಖ್ಯ ಭೂಭಾಗದ ಮೂಲಕ, ಅದಕ್ಕೆ ಶೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬೇಕು, ಮತ್ತು ಸ್ವಾಲ್ಬಾರ್ಡ್ ಆ ಶೆಂಗೆನ್ ವಲಯದ ಹೊರಗಿದೆ. ಒಂದೇ ಪ್ರವೇಶದ ವೀಸಾ ಇದ್ದರೆ ಹಿಂತಿರುಗುವಾಗ ಓಸ್ಲೋದಲ್ಲಿ ಸಿಕ್ಕಿಬೀಳುತ್ತೀರಿ, ಎರಡು ಪ್ರವೇಶದ್ದನ್ನೇ ಕೇಳಿ. ಅರ್ಜೆಂಟೀನಾಗೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಕಾರ್ಡ್ ಇಲ್ಲದೆ ವಾಪಸು ಬಂದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು. ಹಾಕಿಸಿಕೊಂಡ ಹತ್ತು ದಿನದ ನಂತರವೇ ಅದಕ್ಕೆ ಮಾನ್ಯತೆ. ಗೋವಾದವರು ಮುಂಬೈಗೆ ಓಡಬೇಕಾಗಿಲ್ಲ, ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿಯಲ್ಲಿ ಹಾಕುತ್ತಾರೆ. ಯಾವ ದಿನ ಹಾಕುತ್ತಾರೆ ಅಂತ ಮೊದಲು ವಿಚಾರಿಸಿ, ಪಾಸ್‌ಪೋರ್ಟ್ ಹಿಡಿದುಕೊಂಡು ಹೋಗಿ.