120 ಎಂಎಂ ಫೋರ್ಕು 80ಕ್ಕೇ ನಿಂತರೆ

ನಮ್ಮಕ್ಕನ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಹಾಸ್ಟೆಲ್ ಸೀನಿಯರ್ ಒಬ್ಬನ ಹತ್ತಿರ ಸೆಕೆಂಡ್ ಹ್ಯಾಂಡ್ ಮೌಂಟನ್ ಬೈಕ್ ತಗೊಂಡಿದ್ದಾನೆ. ಮುಂದೆ 120 ಎಂಎಂ ಟ್ರಾವೆಲ್‌ನ ಏರ್ ಫೋರ್ಕು, ಅಂದರೆ ಗಾಳಿಯ ಒತ್ತಡದ ಮೇಲೆ ನಿಂತು, ಗುದ್ದು ಬಿದ್ದಾಗ 120 ಎಂಎಂವರೆಗೆ ಒಳಗೆ ಇಳಿಯಬೇಕಾದ ಮುಂದಿನ ಶಾಕ್. ತಗೊಂಡಾಗಿನಿಂದ ಫೋನಿನಲ್ಲಿ ಅದೇ ರಾಗ: "ಮಾಮಾ, ಎಂಥಾ ಬಂಡೆ ಮ್ಯಾಲಿಂದ ಇಳಿಸಿದ್ರೂ 80 ದಾಟಂಗಿಲ್ಲ. ಗಾಳಿ ಕಮ್ಮಿ ಮಾಡಿದ್ರೆ ಬ್ರೇಕ್ ಹಿಡಿದಾಗ ಮುಂದಕ್ಕೆ ಮುಗ್ಗರಿಸ್ತೈತಿ, ಆದ್ರೂ 80ಕ್ಕೇ ನಿಲ್ತೈತಿ."

ಹುಡುಗ ಎರಡನೇ ಮಾತು ಸೇರಿಸಿದ್ದು ಒಳ್ಳೇದಾಯ್ತು. ಬರೀ ಮೊದಲನೇ ಮಾತು ಹೇಳಿದ್ದರೆ ಯಾರಾದರೂ "ಗಾಳಿ ಜಾಸ್ತಿ ಇದೆ, ಇಳಿಸು" ಅಂದು ಕೈತೊಳೆದುಕೊಳ್ಳುತ್ತಿದ್ದರು. ಗಾಳಿ ಇಳಿಸಿದರೆ ಶುರುವಿನಲ್ಲಿ ಮೆತ್ತಗಾಗುತ್ತೆ, ಕೊನೆಯಲ್ಲಿ ಮಾತ್ರ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತೆ ಅಂದರೆ ತಪ್ಪು ಒತ್ತಡದಲ್ಲಿಲ್ಲ. ಗಾಳಿಗೆ ಒಳಗೆ ಇರುವ ಜಾಗವೇ ಸಾಲದು.

ರಜೆಗೆ ಅಂತ ಸೈಕಲ್ಲನ್ನೂ ಹೇರಿಕೊಂಡು ಚಿತ್ರದುರ್ಗಕ್ಕೆ ಬಂದ. ನಾನು ಸ್ಪ್ಯಾನರ್ ಮುಟ್ಟುವ ಮೊದಲು ಅಳತೆ ನೋಡೋಣ ಅಂದೆ. ಫೋರ್ಕಿನ ಮೇಲೆ ಹೊಳೆಯುವ ಕೊಳವೆ ಕಾಣುತ್ತಲ್ಲ, ಅದರ ಉದ್ದವೆಲ್ಲ ಟ್ರಾವೆಲ್ ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗಿಲ್ಲ. ಇವನದರಲ್ಲಿ ಕಾಣೋದು 140 ಎಂಎಂ ಹತ್ತಿರ, ಕಂಪನಿ ಹೇಳೋದು 120. ಕೊನೆಯ ಎರಡು ಸೆಂಟಿಮೀಟರ್ ಯಾವತ್ತೂ ಒಳಗೆ ಹೋಗುವುದಕ್ಕೆ ಮಾಡಿದ್ದೇ ಅಲ್ಲ. ನಿಜವಾದ ಕೊನೆ ಎಲ್ಲಿದೆ ಅಂತ ತಿಳಿಯಲು ಲಾಕೌಟ್ (ಫೋರ್ಕು ಇಳಿಯದಂತೆ ಹಿಡಿಯುವ ಬೀಗ) ಬಿಚ್ಚಿ, ಎಷ್ಟು ಇಳಿಯಿತು ಅಂತ ಗುರುತು ತೋರಿಸುವ ಕೊಳವೆ ಮೇಲಿನ ರಬ್ಬರ್ ಓ-ರಿಂಗನ್ನು ಸೀಲ್‌ವರೆಗೆ ಇಳಿಸಿ, ಫೋರ್ಕಿನ ಎಡಗಾಲಿನ ಮೇಲಿನ ವಾಲ್ವಿನಿಂದ ಗಾಳಿಯನ್ನೆಲ್ಲ ನಿಧಾನಕ್ಕೆ ಬಿಟ್ಟು, ಮೈಭಾರ ಹಾಕಿ ಪೂರ್ತಿ ಒತ್ತಬೇಕು. ಮತ್ತೆ ಗಾಳಿ ತುಂಬಿದಾಗ ಓ-ರಿಂಗ್ ಎಲ್ಲಿ ನಿಂತಿರುತ್ತೋ ಅದೇ ಕೊನೆ. ಓ-ರಿಂಗ್ ಇಲ್ಲದಿದ್ದರೆ ತೆಳು ಜಿಪ್ ಟೈ ಕಟ್ಟಿದರೂ ಆಯ್ತು. ಇವನದು 118ಕ್ಕೆ ಬಂತು. ಅಂದರೆ ಒಳಗೆ ಯಾವುದೂ ಅಡ್ಡ ಸಿಕ್ಕಿಕೊಂಡಿಲ್ಲ, ತಡೆಯುತ್ತಿರುವುದು ಗಾಳಿಯೇ.

ಆಮೇಲೆ ಸ್ಯಾಗ್, ಅಂದರೆ ಹತ್ತಿ ನಿಂತಾಗ ಬರೀ ಮೈಭಾರಕ್ಕೇ ಫೋರ್ಕು ಎಷ್ಟು ಇಳಿಯುತ್ತೆ ಅನ್ನೋದು. ಸವಾರಿಗೆ ಹೊರಡುವ ಬಟ್ಟೆ, ಬೆನ್ನಿಗೆ ನೀರಿನ ಬ್ಯಾಗು, ಪೆಡಲ್ ಮೇಲೆ ಎದ್ದು ನಿಂತ ಭಂಗಿ. ಸೀಟಿನ ಮೇಲೆ ಆರಾಮಾಗಿ ಕೂತು ನೋಡಿದರೆ ಮುಂದಿನ ಚಕ್ರಕ್ಕೆ ಭಾರವೇ ಬೀಳಲ್ಲ, ಲೆಕ್ಕ ಸುಳ್ಳಾಗುತ್ತೆ. 120ರ ಫೋರ್ಕಿಗೆ ಶೇ. 20 ಅಂದರೆ 24 ಎಂಎಂ. ಫೋರ್ಕಿನ ಕಾಲಿಗೆ ಅಂಟಿಸಿದ ತೂಕ-ಒತ್ತಡದ ಪಟ್ಟಿ ಶುರು ಮಾಡುವುದಕ್ಕೆ ಸಾಕು, ಅದನ್ನೇ ವೇದವಾಕ್ಯ ಮಾಡಿಕೊಳ್ಳಬಾರದು.

ಇಲ್ಲಿ ಪಂಪಿನ ವಿಷಯ. ಫೋರ್ಕಿನ ವಾಲ್ವೂ ಬೈಕು, ಕಾರಿನ ಟೈರಿನ ಥರದ್ದೇ ಶ್ರೇಡರ್ ವಾಲ್ವು. ಹಾಗಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿಸಲು ಹೋಗಬೇಡಿ. ಒಳಗಿರುವ ಜಾಗ ಅಷ್ಟು ಚಿಕ್ಕದು, ಒತ್ತಡ ಒಂದೇ ಏಟಿಗೆ ಎಲ್ಲಿಗೋ ಹೋಗಿರುತ್ತೆ. ಸ್ವಲ್ಪ ಸ್ವಲ್ಪವೇ ಗಾಳಿ ಹಾಕುವ, ಇದಕ್ಕೆಂದೇ ಮಾಡಿದ ಶಾಕ್ ಪಂಪೇ ಬೇಕು. ಪಂಪನ್ನು ಮತ್ತೆ ಹಚ್ಚಿದಾಗ ಗೇಜು ಹಿಂದಿನದಕ್ಕಿಂತ ಕಡಿಮೆ ತೋರಿಸುತ್ತೆ, ಯಾಕಂದರೆ ಪೈಪಿನೊಳಕ್ಕೂ ಒಂದಿಷ್ಟು ಗಾಳಿ ಹೋಗುತ್ತೆ. ಅದನ್ನು ನೋಡಿ "ಲೀಕು ಲೀಕು" ಅಂತ ಕೂಗುವವರನ್ನು ಕಂಡಿದ್ದೇನೆ. ಇನ್ನೊಂದು, ಈಗಿನ ಬಹಳಷ್ಟು ಫೋರ್ಕುಗಳಲ್ಲಿ ಪಿಸ್ಟನ್ನಿನ ಕೆಳಗೆ ನೆಗೆಟಿವ್ ಚೇಂಬರ್ ಇರುತ್ತೆ, ಅಂದರೆ ಮೇಲಿನ ಗಾಳಿಗೆ ಎದುರಾಗಿ ತಳ್ಳುವ ಇನ್ನೊಂದು ಗಾಳಿ ಕೋಣೆ. ಮೇಲಿನ ಗಾಳಿ ಕೊಳವೆಯ ಒಳಗೋಡೆಯ ಒಂದು ಸಣ್ಣ ತಗ್ಗಿನ ಮೂಲಕ ಅದಕ್ಕೂ ಹೋಗಿ ಸಮ ಆಗಬೇಕು. ಅದಕ್ಕೇ ಸ್ವಲ್ಪ ಗಾಳಿ ಹೊಡೆದು, ಫೋರ್ಕನ್ನು ನಿಧಾನವಾಗಿ ಒತ್ತಿ ಬಿಟ್ಟು, ಮತ್ತೆ ಹೊಡೆಯಬೇಕು. ಆ ತಗ್ಗಿನಲ್ಲಿ ಗ್ರೀಸು ಕೂತರೆ ಅಥವಾ ಸೀಲು ಸವೆದು ಕೆಳಗೆ ಗಾಳಿ ಹೆಚ್ಚಾದರೆ ಫೋರ್ಕು ಪೂರ್ತಿ ಮೇಲಕ್ಕೇ ಬರಲ್ಲ. ಆಗ ಟ್ರಾವೆಲ್ ಕಳೆದುಹೋಗುವುದು ಮೇಲುಗಡೆಯಿಂದ. ಅದು ಬೇರೆ ಕಾಯಿಲೆ.

ಇವನದರಲ್ಲಿ ಸ್ಯಾಗ್ ಸರಿಯಾಗಿಯೇ ಬಂತು. ಉಳಿದದ್ದು ಟೋಕನ್. ಗಾಳಿ ಕೋಣೆಯ ಜಾಗ ಕಡಿಮೆ ಮಾಡಲು ಮೇಲಿನ ಮುಚ್ಚಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡುಗಳಿವು. ಲೆಕ್ಕ ಹೀಗೆ: ಗಾಳಿಗೆ 200 ಎಂಎಂ ಉದ್ದದ ಜಾಗ ಇದೆ ಅಂತಿಟ್ಟುಕೊಳ್ಳಿ. 120 ಒತ್ತಿದರೆ ಉಳಿಯೋದು 80, ಒತ್ತಡ ಎರಡೂವರೆ ಪಟ್ಟು. ಟೋಕನ್‌ಗಳು 40 ಎಂಎಂ ತಿಂದರೆ 160ರಲ್ಲಿ ಉಳಿಯೋದು 40, ಒತ್ತಡ ನಾಲ್ಕು ಪಟ್ಟು. ಅದೇ ಸ್ಯಾಗ್ ಜಾಗದಲ್ಲಿ, ಅಂದರೆ 24 ಎಂಎಂ ಒತ್ತಿದಾಗ, 1.14 ಪಟ್ಟು ಇದ್ದದ್ದು 1.18 ಆಗುತ್ತೆ ಅಷ್ಟೇ. ಸ್ಯಾಗ್ ನೋಡಿದರೆ ಏನೂ ಗೊತ್ತೇ ಆಗಲ್ಲ, ಕೊನೆಯಲ್ಲಿ ಗೋಡೆ. ಜೋರಾಗಿ ಗುದ್ದಿದಾಗ ಗಾಳಿ ಬಿಸಿಯಾಗುವುದರಿಂದ ಒತ್ತಡ ಈ ಲೆಕ್ಕಕ್ಕಿಂತಲೂ ಮೇಲೇರುತ್ತೆ.

ಮುಚ್ಚಳ ಬಿಚ್ಚುವ ಮೊದಲು ಗಾಳಿ ಪೂರ್ತಿ ತೆಗೆದಿರಲೇಬೇಕು. ಇಲ್ಲದಿದ್ದರೆ ಅದು ಮುಖಕ್ಕೇ ಹಾರುತ್ತೆ. ಮುಚ್ಚಳದ ಷಟ್ಕೋನ ತೀರಾ ತೆಳ್ಳಗಿರುತ್ತೆ. ಮಾಮೂಲಿ ಸಾಕೆಟ್ಟಿನ ಬಾಯಿ ಒಳಗೆ ಇಳಿಜಾರಾಗಿರೋದರಿಂದ ಜಾರಿ ಮೂಲೆಗಳನ್ನು ಉರುಟು ಮಾಡುತ್ತೆ. ನನ್ನ ಹತ್ತಿರ ಬಾಯಿಯನ್ನು ಗ್ರೈಂಡರಿಗೆ ಹಿಡಿದು ಮಟ್ಟ ಮಾಡಿದ ಸಾಕೆಟ್ ಇದೆ. ಬಿಚ್ಚಿದರೆ ಒಂದಕ್ಕೊಂದು ಪೋಣಿಸಿಕೊಂಡು ಮೂರು ಟೋಕನ್! ಆ ಸೀನಿಯರ್ ತೊಂಬತ್ತು ಕೆಜಿ ಆಸಾಮಿಯಂತೆ, ಅವನಿಗೆ ಬೇಕಿತ್ತೇನೋ. ನಮ್ಮ ಹುಡುಗ ಅರವತ್ತು ದಾಟಿಲ್ಲ. ಅಲೆನ್ ಕೀ ಹಾಕಿ ಎರಡನ್ನು ತೆಗೆದು ಒಂದನ್ನು ಬಿಟ್ಟೆ. ಬ್ರೇಕ್ ಹಿಡಿದಾಗ ಮುಗ್ಗರಿಸದಿರಲಿ ಅಂತ ಗಾಳಿಯನ್ನು ಅವನು ಇಟ್ಟುಕೊಂಡಿದ್ದಕ್ಕಿಂತ ನಾಲ್ಕು ಪಿಎಸ್‌ಐ ಏರಿಸಿದೆ. "ಟ್ರಾವೆಲ್ ಬೇಕು ಅಂದ್ರೆ ಗಾಳಿ ಹೆಚ್ಚು ಮಾಡ್ತಿಯಲ್ಲ ಮಾಮಾ" ಅಂತ ನಕ್ಕ.

ಟೋಕನ್ನೇ ಇಲ್ಲದ ಫೋರ್ಕಿನಲ್ಲೂ ಹೀಗೆ ಆಗುವುದುಂಟು. ಕೆಳಗಿನ ಕಾಲುಗಳನ್ನು ಜೋಡಿಸುವಾಗ ಸೀಲಿನ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತೆ, ಅದೂ ಕೊನೆಯಲ್ಲಿ ಒದೆಯುತ್ತೆ. ಫಾಕ್ಸ್ 38ರಂಥ ಫೋರ್ಕುಗಳಲ್ಲಿ ಅದನ್ನು ಬಿಡಲು ಗುಂಡಿಯೇ ಇದೆ. ನಮ್ಮಂಥವರದರಲ್ಲಿ ಅಂಚು ಮೊಂಡಾದ ಜಿಪ್ ಟೈಯನ್ನು ಸೀಲಿನ ಸಂದಿಗೆ ಹುಷಾರಾಗಿ ತೂರಿಸಿದರೆ ಉಸ್ ಅನ್ನುತ್ತೆ. ನಮ್ಮ ಕಡೆಯ ಕೆಂಪು ಧೂಳು ಇನ್ನೊಂದು ಶನಿ. ಸೀಲಿನ ಕೆಳಗಿನ ಫೋಮ್ ರಿಂಗ್ ಒಣಗಿ, ಫೋರ್ಕು ತಡೆತಡೆದು ಇಳಿಯುತ್ತೆ. ರಾತ್ರಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದರೆ ಒಳಗಿನ ಎಣ್ಣೆ ರಿಂಗಿಗೆ ಇಳಿಯುತ್ತೆ. ಅದು ಸರ್ವಿಸಿಗೆ ಬದಲಿ ಅಲ್ಲ, ಆದರೂ ಬೆಳಿಗ್ಗೆ ವ್ಯತ್ಯಾಸ ಕೈಗೆ ಗೊತ್ತಾಗುತ್ತೆ.

ಬಿಸಿಲಿನ ಬಗ್ಗೆ ಯಾರೂ ಮಾತಾಡಲ್ಲ. ನನ್ನ ಕೆಲಸ ಗುಡ್ಡದ ಮೇಲಿನ ವಿಂಡ್‌ಮಿಲ್‌ಗಳ ಮೇಂಟೆನೆನ್ಸು. ಬ್ಲೇಡ್ ತಿರುಗಿಸುವ ಹೈಡ್ರಾಲಿಕ್ಕಿನಲ್ಲಿ ಒತ್ತಡ ಕೂಡಿಡುವ, ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಇರುತ್ತೆ. ಪಕ್ಕದಲ್ಲಿ ತಾಪಮಾನ ಬರೆದುಕೊಳ್ಳದೆ ಅದರ ಒತ್ತಡ ಓದಿದರೆ ಆ ಓದಿಗೆ ಬೆಲೆ ಇಲ್ಲ. ಫೋರ್ಕಿಗೂ ಅದೇ ನಿಯಮ. ಬೆಳಗಿನ 20 ಡಿಗ್ರಿಯಲ್ಲಿ 85 ಪಿಎಸ್‌ಐ ಇಟ್ಟು ಹೊರಡಿ, ಒಳಗಿನ ಗಾಳಿ 40 ಡಿಗ್ರಿಗೆ ಬಂದಾಗ ಅದು ಹೆಚ್ಚುಕಡಿಮೆ 92 ಆಗಿರುತ್ತೆ. ಏಳು ಪಿಎಸ್‌ಐ ಅಂದರೆ ಅರವತ್ತು ಕೆಜಿ ಹುಡುಗನಿಗೆ ಸಣ್ಣದಲ್ಲ. ಏಪ್ರಿಲ್‌ನಲ್ಲಿ ನಾನು ಫೋರ್ಕನ್ನು ಸವಾರಿಯ ಹೊತ್ತಿನಲ್ಲೇ, ನೆರಳಿನಲ್ಲಿ ನಿಲ್ಲಿಸಿ ಸೆಟ್ ಮಾಡುತ್ತೇನೆ.

ಪರೀಕ್ಷೆಗೆ ಜೋಗಿಮಟ್ಟಿ ಕಡೆ ಹೋಗೋಣ ಅಂದ. ಅದು ವನ್ಯಧಾಮ, ಕಾಡೊಳಗೆ ಸೈಕಲ್ ನುಗ್ಗಿಸೋದು ಬೇಡ ಅಂತ ಊರಾಚೆಯ ಹಳೇ ಬಂಡಿ ಜಾಡಿಗೆ ಕರೆದುಕೊಂಡು ಹೋದೆ. ಜಾಲಿ ಮುಳ್ಳಿನ ಕಾಟ ಬಿಟ್ಟರೆ ಒಳ್ಳೇ ಜಾಗ: ಗೊರಚು, ಉರುಟು ಕಲ್ಲು, ಒಂದು ಕಡೆ ಮೊಣಕಾಲೆತ್ತರದ ಬಂಡೆ ಮೆಟ್ಟಿಲು. ಬರೀ ಗೊರಚಿನಲ್ಲಿ ಓ-ರಿಂಗ್ 70ರ ಆಸುಪಾಸಿನಲ್ಲಿ ನಿಂತಿತು. ಮೆಟ್ಟಿಲಿಂದ ಇಳಿಸಿದಾಗ 110. ಬ್ರೇಕ್ ಹಿಡಿದಾಗಿನ ಮುಗ್ಗರಿಕೆ ಕೂಡ ಹೋಯ್ತು.

ಅವನಿಗೆ ಇನ್ನೂ ಎಂಟು ಎಂಎಂ ಆಸೆ. "ಆ ಒಂದು ಟೋಕನ್ನೂ ತಗಿ ಮಾಮಾ, ದುಡ್ಡು ಕೊಟ್ಟಿದ್ದು 120ಕ್ಕೆ." ಪ್ರತಿ ಸವಾರಿಯಲ್ಲೂ ಕೊನೆ ಮುಟ್ಟುವ ಫೋರ್ಕು ಸರಿಯಾಗಿ ಸೆಟ್ ಆಗಿರೋ ಫೋರ್ಕಲ್ಲ ಅನ್ನೋದು ನನ್ನ ಮತ. ನೀನು ಲೆಕ್ಕ ತಪ್ಪಿ ಇನ್ನೂ ದೊಡ್ಡ ಬಂಡೆಯಿಂದ ಬೀಳುವ ದಿನಕ್ಕೆ ಆ ಎಂಟು ಎಂಎಂ ಇರಲಿ ಅಂದೆ. ಒಪ್ಪಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಟೋಕನ್ ಅಲ್ಲೇ ಇರಲಿ, ಬೇಕಾದರೆ ಎರಡೆರಡು ಪಿಎಸ್‌ಐ ಇಳಿಸುತ್ತಾ ಅದೇ ಮೆಟ್ಟಿಲಲ್ಲಿ ನೋಡಲಿ, ಸ್ಯಾಗ್ 30 ಎಂಎಂ ಮುಟ್ಟಿದರೆ ಅಲ್ಲಿಗೆ ನಿಲ್ಲಿಸಲಿ. ಶಾಕ್ ಪಂಪು ಅವನ ಜೊತೆ ದಾವಣಗೆರೆಗೆ ಹೋಯ್ತು, ಸಾಕೆಟ್ ನನ್ನ ಡಬ್ಬದಲ್ಲೇ ಉಳಿಯಿತು.